ಹೆಸರು ತಂದದ್ದು ವಿವಾದವಲ್ಲ

ಭಾರತ ಮೂಲದ ಕೆನಡಾದ ಚಿತ್ರ ನಿರ್ದೇಶಕಿ ದೀಪಾ ಮೆಹ್ತಾ ಅವರನ್ನು ಬೆಳೆಸಿದ್ದೇ ವಿವಾದಗಳು ಎಂದು ಅವರ ಕುರಿತ ಲೇಖನವೊಂದರಲ್ಲಿ ಲೇಖಕರು ಹೇಳಿರುವ ಮಾತನ್ನು ಖಂಡಿತ ಒಪ್ಪಲಾರೆ. ಅವರ ದುಡಿಮೆಯನ್ನು ಗಲಾಟೆ ಮಾಡಿದವರ ಖಾತೆಗೆ ಬರೆದರೆ ಹೇಗೆ? ವಿವಾದ ಎಬ್ಬಿಸಿದ ಅವರ ಚಿತ್ರ ‘ಫೈರ್’ ಬಂದದ್ದು 1996ರಲ್ಲಿ. ಅದಕ್ಕೂ ಐದು ವರ್ಷ ಮೊದಲೇ, ಟೊರೊಂಟೊದ ಕಥೆ ಹೇಳುವ ಅವರ ‘ಸ್ಯಾಮ್ ಆ್ಯಂಡ್ ಮಿ’ ಕಾನ್ ಚಿತ್ರೋತ್ಸವದಲ್ಲಿ ವಿಶೇಷ ಪ್ರಶಂಸೆ ಗಳಿಸಿತ್ತು. ವಿವಾದ ಅವರಿಂದ ಕಿತ್ತುಕೊಂಡದ್ದೇ ಹೆಚ್ಚು. 2000ದಲ್ಲಿ ವಾರಾಣಸಿಯಲ್ಲಿ, ವಿಧವೆಯರ ಬದುಕಿನ ಕಥೆಯಾದ ‘ವಾಟರ್’ ಚಿತ್ರದ ಸೆಟ್ ಪ್ರತಿಭಟನಕಾರರಿಂದ ಧ್ವಂಸವಾಯಿತು. ಪಾತ್ರಕ್ಕಾಗಿ ತಲೆ ಬೋಳಿಸಿಕೊಂಡಿದ್ದ ಶಬಾನಾ ಆಜ್ಮಿ, ನಂದಿತಾ ದಾಸ್ ಬರಿಗೈಯಲ್ಲಿ ಮರಳಬೇಕಾಯಿತು. ದೀಪಾ ನಾಲ್ಕು ವರ್ಷ ಕಾದು, ಬೇರೆ ಕಲಾವಿದೆಯರನ್ನು ಕಟ್ಟಿಕೊಂಡು, ಚಿತ್ರದ ನಿಜವಾದ ಹೆಸರನ್ನೂ ಮುಚ್ಚಿಟ್ಟು, ಶ್ರೀಲಂಕಾದಲ್ಲಿ ಮೊದಲಿನಿಂದ ಚಿತ್ರೀಕರಿಸಿದರು. ವಿದೇಶಿ ಭಾಷಾ ಚಿತ್ರ ವಿಭಾಗದಲ್ಲಿ ಕೆನಡಾದ ಪರವಾಗಿ ಆಸ್ಕರ್‌ಗೆ ನಾಮನಿರ್ದೇಶನಗೊಂಡ, ಫ್ರೆಂಚ್ ಅಲ್ಲದ ಮೊದಲ ಚಿತ್ರ ಅದೇ.