ನಡುಗೋದಕ್ಕೂ ಎಂಟುನೂರು

ನಮ್ಮ ಜೆ.ಪಿ. ನಗರದ ಜಿಮ್ಮಿಗೆ ಹೊಸದೊಂದು ಮಣೆ ಬಂದಿದೆ. ನೋಡೋಕೆ ಥೇಟ್ ಹಸೆಮಣೆ. ಆದರೆ ಇದು ಕರೆಂಟಿಗೆ ನಡುಗುತ್ತದೆ. ಭಾರ ಎತ್ತುವ ಮುಂಚೆ ಹತ್ತು ನಿಮಿಷ ಇದರ ಮೇಲೆ ನಿಂತರೆ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಇಳಿದು ಸ್ಟ್ರೆಸ್ ಮಂಗಮಾಯ ಅಂತ ಟ್ರೇನರ್ ಹೇಳಿದ. ತಿಂಗಳಿಗೆ ಎಂಟುನೂರು ಎಕ್ಸ್‌ಟ್ರಾ.

ನಾನು ಅಲ್ಲಿಗೆ ಹೇಗೆ ಬಂದೆ ಅಂತ ಮಾತ್ರ ಅವನು ಕೇಳಲೇ ಇಲ್ಲ. ಬನ್ನೇರುಘಟ್ಟ ರಸ್ತೆಯಲ್ಲಿ ಸ್ಕೂಟರ್ ಮೇಲೆ, ಲೆಕ್ಕವಿಲ್ಲದಷ್ಟು ಗುಂಡಿ, ಕೇಬಲ್ಲಿಗೆಂದು ಅಗೆದು ಮಣ್ಣು ಮುಚ್ಚಿ ಕೈತೊಳೆದುಕೊಂಡ ಕಾಲುವೆ, ಅದರ ಮೇಲೆ ಸುರಿದ ಜಲ್ಲಿ, ಯಾರೋ ಪುಣ್ಯಾತ್ಮರು ರಾತ್ರೋರಾತ್ರಿ ಮನೆ ಮುಂದೆ ಹಾಕಿಸಿಕೊಂಡ ಬಣ್ಣವಿಲ್ಲದ ಹಂಪು, ಇಷ್ಟನ್ನೂ ದಾಟಿ ಬಂದಿದ್ದೆ. ಹೆಲ್ಮೆಟ್ಟಿನೊಳಗೆ ಹಲ್ಲು ಇನ್ನೂ ಕಟಕಟ ಅನ್ನುತ್ತಿತ್ತು.

ಹಾಗಂತ ಟ್ರೇನರ್ ಹೇಳಿದ್ದು ಪೂರ್ತಿ ಬುರುಡೆಯೇನಲ್ಲ. 2000ದಲ್ಲಿ ಬೋಸ್ಕೊ ಎಂಬ ಇಟಲಿಯ ವಿಜ್ಞಾನಿ ಮತ್ತು ಜೊತೆಗಾರರು 14 ಗಂಡಸರನ್ನು ಸೆಕೆಂಡಿಗೆ 26 ಸಲ ನಡುಗುವ ಹಲಗೆ ಮೇಲೆ, ಒಂದೊಂದು ನಿಮಿಷದ ಹತ್ತು ಸರದಿ ನಿಲ್ಲಿಸಿದ್ದರು. ಕಾರ್ಟಿಸಾಲ್ ಇಳಿದಿತ್ತು, ನಿಜ. ಆಮೇಲಿನ ಪ್ರಯೋಗಗಳಲ್ಲಿ ಕೆಲವು ಅದಕ್ಕೆ ಹೂಂ ಅನ್ನಲಿಲ್ಲ. ಅದಕ್ಕೂ ಎಷ್ಟೋ ಮುಂಚೆ ಪ್ಯಾರಿಸ್ಸಿನ ವೈದ್ಯ ಶಾರ್ಕೊಗೆ ಅವರ ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆಯ ರೋಗಿಗಳು, ರೈಲಿನಲ್ಲಿ ದೂರ ಹೋಗಿಬಂದರೆ ಮೈ ಹಗುರ ಅನಿಸುತ್ತೆ ಅಂದಿದ್ದರಂತೆ. ಶಾರ್ಕೊ ನಡುಗುವ ಕುರ್ಚಿಯನ್ನೇ ಮಾಡಿಸಿದರು. ಪಾಪ, ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ ನೋಡಿರಲಿಲ್ಲ.

ಈ ಕಾರ್ಟಿಸಾಲ್ ಇದೆಯಲ್ಲ, ಕಿಡ್ನಿ ಮೇಲೆ ಟೋಪಿ ಹಾಗೆ ಕೂತಿರುವ ಗ್ರಂಥಿಯ ಕೆಲಸ. ಬೆಳಿಗ್ಗೆ ಎದ್ದ ಅರ್ಧ, ಮುಕ್ಕಾಲು ಗಂಟೆಗೆ ಜೋರಾಗಿರುತ್ತದೆ, ಆಮೇಲೆ ತಾನೇ ಇಳಿಯುತ್ತಾ ಹೋಗುತ್ತದೆ. ಬಸ್ ಸ್ಟಾಪಿನಲ್ಲಿ ಸುಮ್ನೆ ಕೂತರೂ ಇಳಿಯುತ್ತದೆ, ಬಸ್ಸು ಬಂದರೆ ಅದು ಬೇರೆ ಮಾತು. ಇನ್ನು ಜೋರಾಗಿ ಭಾರ ಎತ್ತಿದರೆ ಅದೇ ಕಾರ್ಟಿಸಾಲ್ ಮತ್ತೆ ಏರುತ್ತದೆ, ಅದು ಮೈಯ ಸಹಜ ಗುಣ. ಅಂದರೆ ಇಳಿಸೋಕೆ ಎಂಟುನೂರು, ಏರಿಸೋಕೆ ಜಿಮ್ ಫೀಸು ಎರಡು ಸಾವಿರ. ಜಿಎಸ್‌ಟಿ ಬೇರೆ.

ಸೆಕೆಂಡಿಗೆ ನಾಲ್ಕರಿಂದ ಎಂಟು ಸಲದ ಕುಲುಕಾಟ ಕೂತವರ ಬೆನ್ನುಮೂಳೆಗೆ ಆಗಿಬರಲ್ಲ. ಬಸ್ಸು, ಲಾರಿ ಓಡಿಸುವವರ ಸೊಂಟನೋವಿಗೆ ಅದೂ ಒಂದು ಕಾರಣ. ನಡುಗೋದು ಜಿಮ್ಮಿನಲ್ಲಿ ಥೆರಪಿ, ಡ್ರೈವರ್ ಸೀಟಿನಲ್ಲಿ ಡ್ಯೂಟಿ.

ಆದರೂ ಹತ್ತಿದೆ. ಬಿಟ್ಟಿ ಡೆಮೊ ಅಲ್ವಾ! ಕೆನ್ನೆ, ಹೊಟ್ಟೆ, ಜೇಬಿನ ಚಿಲ್ಲರೆ ಎಲ್ಲ ಕುಣಿಯಿತು. ನಾಲ್ಕನೇ ನಿಮಿಷಕ್ಕೆ ಕರೆಂಟ್ ಹೋಯಿತು. ನಡುಕ ಮಾತ್ರ ನಿಲ್ಲಲಿಲ್ಲ. ಕಿಟಕಿಯಿಂದ ಬಗ್ಗಿ ನೋಡಿದರೆ ಪಕ್ಕದ ಸೈಟಿನಲ್ಲಿ ಪಾಯಕ್ಕೆ ಬಂಡೆ ಒಡೆಯುತ್ತಿದ್ದರು.

"ಇಳೀಬೇಡಿ ಸಾರ್, ಇನ್ನೂ ಆರು ನಿಮಿಷ ಇದೆ" ಅಂದ ಟ್ರೇನರ್.