ಜೋಗಕ್ಕಿಂತ ಒಂದು ಗುಡಿಸು ಜಾಸ್ತಿ

ನನ್ನ ಷಡ್ಡಕರದು ಸಾಗರ. ಕೇಳದಿದ್ದರೂ ಹೇಳುತ್ತಾರೆ. ಮೊನ್ನೆ ದಾವಣಗೆರೆಯ ನಮ್ಮ ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಆಕಾಶ ನೋಡಿ, "ಇದೆಂತ ಮಳೆ ಮಾರಾಯ್ರೆ, ನಮ್ಮಲ್ಲಿ ಇದಕ್ಕೆ ಇಬ್ಬನಿ ಅಂತಾರೆ" ಎಂದರು. ಪುಷ್ಯ ಮಳೆ ನಡೆದಿತ್ತು. ನಮ್ಮ ಲೆಕ್ಕಕ್ಕೆ ಅದು ಜೋರು ಮಳೆಯೇ. ಬೆಳಿಗ್ಗೆಯಿಂದ ಮೂರು ಸಲ ತಾರಸಿಗೆ ಓಡಿ ಬಟ್ಟೆ ಎತ್ತಿಕೊಂಡು ಬಂದಿದ್ದೆವು.

ಅತ್ತೆಯೂ ನಮ್ಮಲ್ಲೇ ಇದ್ದರು. ಅಳಿಯಂದಿರಿಬ್ಬರೂ ಒಟ್ಟಿಗೆ ಕೂತರೆ ಅತ್ತೆ ಎದುರಿಗೆ ಕುರ್ಚಿ ಎಳೆದುಕೊಳ್ಳುತ್ತಾರೆ, ಅಂಪೈರ್ ಥರ. ಬೆಣ್ಣೆದೋಸೆಯ ಮೊದಲ ತುತ್ತಿಗೇ ಷಡ್ಡಕರು ಜೋಗ ಶುರು ಮಾಡಿದರು. ರಾಜ, ರಾಣಿ, ರೋರರ್, ರಾಕೆಟ್. 830 ಅಡಿ. ಎರಡನೇ ದೋಸೆ ಬರುವಾಗ ಶರಾವತಿ ಉಕ್ಕಿ ಹರಿಯುತ್ತಿತ್ತು. ಕೊನೆಗೆ, "ಪಾಪ, ನಿಮ್ಮ ಕಡೆ ಫಾಲ್ಸ್ ಗೀಲ್ಸ್ ಏನಿಲ್ಲ ಅಲ್ವಾ?" ಎಂದು ಕೇಳಿದರು.

ಆ 'ಪಾಪ' ನನಗೆ ಚುಚ್ಚಿತು.

"ಯಾಕಿಲ್ಲ? ಚಿತ್ರದುರ್ಗದಲ್ಲಿ ಜೋಗಿಮಟ್ಟಿ ಬೆಟ್ಟ ಇದೆ. ನಿಮ್ಮದು ಜೋಗ, ನಮ್ಮದು ಜೋಗಿ. ನಿಮಗಿಂತ ಒಂದು ಗುಡಿಸು ಜಾಸ್ತಿನೇ."

ಅತ್ತೆ ನಕ್ಕರು. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಗೆದ್ದಿರುತ್ತಿದ್ದೆ. "ನಾಳೆ ಹೋಗೋಣ, ಫಾಲ್ಸು, ಗುಹೆ ಎರಡೂ ತೋರಿಸ್ತೀನಿ" ಅಂದುಬಿಟ್ಟೆ. ಒಳಗಿಂದ ಹೆಂಡತಿ ಸೌಟು ಹಿಡಿದು ಬಂದು ನನ್ನನ್ನೇ ನೋಡಿದಳು. ಜೋಗಿಮಟ್ಟಿಗೆ ಅವಳೂ ಹೋಗಿದ್ದಾಳೆ.

ಮಳೆಗೆ ಹೊರಡುವುದು ಬಯಲುಸೀಮೆಯವರಿಗೆ ಬರುವುದಿಲ್ಲ. ನಮ್ಮ ಮನೆಯಲ್ಲಿ ಐದು ಜನಕ್ಕೆ ಎರಡು ಕೊಡೆ. ಒಂದು ಮದುವೆಯಲ್ಲಿ ಉಡುಗೊರೆ ಬಂದದ್ದು, ಇನ್ನೊಂದು ಮಗಳದು, ಅದರ ಮೇಲೆ ಮೊಲದ ಕಿವಿ. ರೇನ್‌ಕೋಟ್ ಒಂದಿತ್ತು, ಬೆಲೆಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು. ಮೊಬೈಲ್ ನೆನೆಯಬಾರದು ಅಂತ ಪ್ಲಾಸ್ಟಿಕ್ ಕವರ್ ಹುಡುಕಿದೆ. ಹಿಂದಿನ ಸಂಜೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದ ಕವರ್ ಸಿಕ್ಕಿತು. ಒಂದು ಸಲ ಒದರಿ, ಮೊಬೈಲ್ ಒಳಗಿಟ್ಟು ಗಂಟು ಹಾಕಿದೆ. ಈ ಕವರ್ ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ದುರ್ಗ ಅರವತ್ತು ಕಿಲೋಮೀಟರ್. ಹತ್ತಿರವಾಗುತ್ತಿದ್ದಂತೆ ಗುಡ್ಡದ ಮೇಲೆ ಸಾಲಾಗಿ ಫ್ಯಾನುಗಳು ಕಂಡವು. "ಇಷ್ಟೊಂದು ಗಾಳಿಯಾ?" ಎಂದರು ಷಡ್ಡಕರು. ನಾನು ವಿವರಿಸಿದೆ. ಅರಬ್ಬೀ ಸಮುದ್ರದಿಂದ ಹೊರಟ ಮೋಡ ಆಗುಂಬೆ, ಹುಲಿಕಲ್ಲು ಅಂತ ಘಟ್ಟದ ಮೇಲೇ ಎಲ್ಲ ಸುರಿದುಬಿಡುತ್ತದೆ. ಇಲ್ಲಿಗೆ ಬರುವಷ್ಟರಲ್ಲಿ ಜೇಬು ಖಾಲಿ, ಉಳಿಯುವುದು ಬರೀ ಗಾಳಿ. ಅದನ್ನೂ ಬಿಡದೆ ಕರೆಂಟು ಮಾಡಿಕೊಂಡಿದ್ದೇವೆ.

"ಅಂದ್ರೆ ನಾವು ತಿಂದು ಬಿಟ್ಟದ್ದು ನಿಮಗೆ" ಎಂದರು.

ನಾನು ಬಿಡಲಿಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರದ ಕಥೆ ಹೇಳಿದೆ. ಅಣೆಕಟ್ಟು ಕಟ್ಟಿ ಮುಗಿದದ್ದು 1907ರಲ್ಲಿ. ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಬಿದ್ದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ ಕಾದು ನೋಡಿದ ನೀರು ಅದು. ನಾವು ಬುತ್ತಿ ಕಟ್ಟಿಕೊಂಡು ಹೋಗಿದ್ದೆವು. "ನಿಮ್ಮಲ್ಲಿ ದಿನಾ ಬೀಳುತ್ತೆ, ಅದಕ್ಕೇ ಬೆಲೆ ಇಲ್ಲ" ಎಂದೆ. ಹಿಂದಿನ ಸೀಟಿನಲ್ಲಿ ಅತ್ತೆ 'ಹೂಂ' ಅಂದರು. ಸಮ ಸಮ.

ಚೆಕ್‌ಪೋಸ್ಟ್ ದಾಟಿ ತಿರುವು ತಿರುವಾಗಿ ಹತ್ತಿದೆವು. ಮೇಲೆ ಬರೀ ಮಂಜು. "ಸಮುದ್ರಮಟ್ಟದಿಂದ 3,800 ಅಡಿ. ನಿಮ್ಮ ಜೋಗ ಎಷ್ಟಂದ್ರಿ, 830 ಅಲ್ವಾ?" ಎಂದೆ.

"ಅದು ನೀರು ಬೀಳೋ ಎತ್ತರ ಮಾರಾಯ್ರೆ. ಇದು ಕಾರು ಹತ್ತೋ ಎತ್ತರ."

ಕಾರಿನಿಂದ ಇಳಿದು ಮದುವೆಯ ಕೊಡೆ ಬಿಚ್ಚಿದೆ. ಬಿಚ್ಚಿದೆ ಅಷ್ಟೇ. ಆಷಾಢದ ಗಾಳಿ ಅದನ್ನು ಮೇಲಕ್ಕೆ ಮಡಚಿ ತಾವರೆ ಮಾಡಿತು. ಸರಿಮಾಡಲು ಎಳೆದೆ, ಬಟ್ಟೆ ಕಿತ್ತುಕೊಂಡು ಫ್ಯಾನುಗಳ ದಿಕ್ಕಿಗೆ ಹೋಯಿತು. ಕೈಯಲ್ಲಿ ಉಳಿದದ್ದು ಹಿಡಿಕೆ, ಎಂಟು ಕಡ್ಡಿ. ಬಿಸಾಡಲು ಮನಸ್ಸು ಬರಲಿಲ್ಲ, ಅದನ್ನೇ ಹಿಡಿದುಕೊಂಡು ನಡೆದೆ. "ಇಲ್ಲಿಂದ ಇಡೀ ದುರ್ಗ ಕಾಣುತ್ತೆ, ಅಗೋ ಅಲ್ಲಿ ಏಳುಸುತ್ತಿನ ಕೋಟೆ" ಎಂದು ಕಡ್ಡಿಯಿಂದ ತೋರಿಸಿದೆ. ಅತ್ತೆ ಸೆರಗಿನಿಂದ ಕನ್ನಡಕ ಒರೆಸಿಕೊಂಡು ನೋಡಿದರು. ಮಂಜು. ಮತ್ತೆ ಒರೆಸಿ ನೋಡಿದರು. "ಕನ್ನಡಕ ಬದಲಾಯಿಸಬೇಕಪಾ" ಎಂದರು. ಪಾಪ, ತಪ್ಪು ಅವರದೇ ಅಂದುಕೊಂಡರು. ನಾನೂ ಸುಮ್ನಿದ್ದೆ.

ಆಮೇಲೆ ಹಿಮವತ್ ಕೇದಾರ, ನಮ್ಮ ಜಲಪಾತ. ಒಳ್ಳೆ ಮಳೆಗಾಲದಲ್ಲಿ ಅದು ನಿಜಕ್ಕೂ ಚೆಂದ, ನಾನೇ ಕಣ್ಣಾರೆ ನೋಡಿದ್ದೇನೆ. ಆದರೆ ಈ ಸಲ ಪುಷ್ಯ ಮಳೆ ಬರೀ ತುಂತುರು. ಪಾಚಿ ಕಟ್ಟಿದ ಬಂಡೆ ಇತ್ತು, ಜರೀಗಿಡ ಇತ್ತು, ತಂಪಿತ್ತು. ನೀರು ಮಾತ್ರ ಬಚ್ಚಲ ನಲ್ಲಿ ಸರಿಯಾಗಿ ನಿಲ್ಲಿಸದಿದ್ದರೆ ಬೀಳುತ್ತಲ್ಲ, ಅಷ್ಟು.

ಯಾರೂ ಮಾತಾಡಲಿಲ್ಲ. ಮಗಳು "ಅಪ್ಪಾ, ಫಾಲ್ಸ್ ಎಲ್ಲಿ?" ಎಂದು ಕೇಳಿದಳು. ಷಡ್ಡಕರು ಮುಂದೆ ಹೋಗಿ ಬೊಗಸೆ ಒಡ್ಡಿ ನಿಂತರು. ಬೊಗಸೆ ತುಂಬಲು ಹೊತ್ತು ಹಿಡಿಯಿತು. ನಿಧಾನಕ್ಕೆ ಕುಡಿದು, "ಸಿಹಿ ಇದೆ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಇನ್ನು ನನಗೆ ಉಳಿದದ್ದು ದುರ್ಗದ ಚಂದ್ರವಳ್ಳಿ, ಗುಹೆ ಇರುವುದು ಅಲ್ಲೇ. ಅಲ್ಲಿ ಸೋಲುವ ಮಾತೇ ಇಲ್ಲ. ಕದಂಬರ ಮಯೂರಶರ್ಮ ನಾಲ್ಕನೇ ಶತಮಾನದಲ್ಲಿ ಕೆರೆ ಕಟ್ಟಿಸಿ ಬಂಡೆಯ ಮೇಲೆ ಬರೆಸಿಟ್ಟ ಜಾಗ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿದ್ದ. ಶಾತವಾಹನರ ನಾಣ್ಯ ಹೋಗಲಿ, ರೋಮಿನ ನಾಣ್ಯವೂ ಸಿಕ್ಕಿದೆ. "ಕೆರೆಯನ್ನು ಬಂಡೆ ಮೇಲೆ ಬರೆಸೋದು ನೀರಿನ ಬೆಲೆ ಗೊತ್ತಿರೋರು" ಎಂದೆ.

"ನಮ್ಮೂರ ಹೆಸರೇ ಕೆರೇದು ಮಾರಾಯ್ರೆ. ಕೆಳದಿ ಸದಾಶಿವ ನಾಯಕ ಕಟ್ಟಿಸಿದ ಸದಾಶಿವ ಸಾಗರ."

ಈ ಮನುಷ್ಯನ ಜೊತೆ ಚರಿತ್ರೆಯೂ ಮಾತಾಡುವ ಹಾಗಿಲ್ಲ.

ಅಂಕಲಿ ಮಠದ ಗುಹೆಗೆ ಬಗ್ಗಿ ಇಳಿದೆವು. ಮೊದಲು ಟಾರ್ಚ್ ಹಿಡಿದ ಗೈಡ್, ಹಿಂದೆ ಅತ್ತೆ, ಆಮೇಲೆ ನಾವು. ಕಗ್ಗಲ್ಲ ಬಂಡೆಗಳ ನಡುವೆ ಕೋಣೆಯೊಳಗೆ ಕೋಣೆ, ಮೆಟ್ಟಿಲಿನ ಕೆಳಗೆ ಮೆಟ್ಟಿಲು. ಆರಡಿ ಎತ್ತರದ ಷಡ್ಡಕರ ಹಣೆ ಎರಡು ಕಡೆ ಬಂಡೆಗೆ ತಾಗಿದ ಸದ್ದು ಕೇಳಿಸಿತು. ಆ ದಿನದ ಮೊದಲ ಸಮಾಧಾನ. ಗೋಡೆಯ ಬಣ್ಣದ ಚಿತ್ತಾರ ತೋರಿಸಿ ಗೈಡ್, "ಈಗ ಕತ್ತಲೆ ಅಂದ್ರೆ ಏನಂತ ನೋಡಿ" ಎಂದು ಟಾರ್ಚ್ ಆರಿಸಿದ. ಕಣ್ಣು ಬಿಟ್ಟರೂ ಒಂದೇ, ಮುಚ್ಚಿದರೂ ಒಂದೇ. ನನಗೆ ಸ್ವಲ್ಪ ಭಯವಾಯಿತು, ಒಪ್ಪಿಕೊಳ್ಳುತ್ತೇನೆ. ಮೊಬೈಲ್ ಟಾರ್ಚ್ ಹಾಕೋಣ ಅಂತ ಕವರಿನ ಗಂಟು ಬಿಚ್ಚಿ ಕೈ ಹಾಕಿದೆ. ಮೊಬೈಲ್ ಜಾರಿತು. ಮಿರ್ಚಿ ಎಣ್ಣೆ. ತಡಕಾಡಿದೆ, ಹಸಿಮೆಣಸಿನಕಾಯಿ ಚೂರು ಕೈಗೆ ಹತ್ತಿತು. ಅದೇ ಹೊತ್ತಿಗೆ ಮೇಲಿಂದ ಒಂದು ಹನಿ ಸರಿಯಾಗಿ ಕಣ್ಣಿಗೆ ಬಿತ್ತು. ಒರೆಸಿಕೊಂಡೆ, ಅದೇ ಕೈಯಲ್ಲಿ. ಇನ್ನೊಂದು ಕಣ್ಣಿಗೂ ಏನೋ ಆದಂತಾಗಿ ಅದನ್ನೂ ಒರೆಸಿಕೊಂಡೆ.

ಗೈಡ್ ಟಾರ್ಚ್ ಹಾಕಿದಾಗ ಬೆಳಕು ಬಿದ್ದದ್ದು ನನ್ನ ಮುಖದ ಮೇಲೆ. ಎರಡೂ ಕಣ್ಣಿಂದ ಧಾರೆ ಧಾರೆ. ಮೂಗಿನಿಂದ ಉಪನದಿ.

ಅತ್ತೆ ಕೈ ಮುಗಿದರು. "ನೋಡ್ರೇ, ಸ್ವಾಮಿಗಳು ತಪಸ್ಸು ಮಾಡಿದ ಜಾಗ ಅಂತ ಅಳಿಯಂದ್ರಿಗೆ ಎಷ್ಟು ಭಕ್ತಿ! ಕಣ್ಣೀರು ನಿಲ್ತಾನೇ ಇಲ್ಲ." ನನಗೆ ಮಾತಾಡಲು ಆಗುತ್ತಿರಲಿಲ್ಲ. ಅದೂ ಭಕ್ತಿಯ ಲೆಕ್ಕಕ್ಕೇ ಸೇರಿತು.

ಷಡ್ಡಕರು ಪಕ್ಕಕ್ಕೆ ಬಂದು ಗಾಳಿಯಲ್ಲಿ ಮೂಗೆಳೆದರು. ಅವರಿಗೆ ಗೊತ್ತಾಯಿತು. ಕಿವಿಯ ಹತ್ತಿರ ಬಗ್ಗಿ, "ಎಡಗಣ್ಣು ರಾಜ, ಬಲಗಣ್ಣು ರಾಣಿ. ಫಾಲ್ಸ್ ತೋರಿಸ್ತೀನಿ ಅಂದ್ರಿ, ತೋರಿಸಿದ್ರಿ ಮಾರಾಯ್ರೆ" ಎಂದರು. ಆದರೆ ಅತ್ತೆಗೆ ಬಾಯಿ ಬಿಡಲಿಲ್ಲ. ಹೊರಗೆ ಬಂದು ಬಾಟಲಿ ನೀರು ಹಿಡಿದು ಕಣ್ಣು ತೊಳೆಸಿದವರೂ ಅವರೇ. ಅವರ ಹಣೆಯಲ್ಲಿ ಎರಡು ಬೋರೆ ಎದ್ದಿದ್ದವು. ನಾನೂ ಅದರ ಬಗ್ಗೆ ಏನೂ ಅನ್ನಲಿಲ್ಲ.

ನನ್ನ ಭಕ್ತಿ ಈಗ ಮೂರು ಊರಿನ ನೆಂಟರಿಗೆ ಗೊತ್ತಾಗಿದೆ. ಫೋನ್ ಕಿವಿಗಿಟ್ಟರೆ ಇವತ್ತಿಗೂ ಮಿರ್ಚಿ ವಾಸನೆ. ನಿನ್ನೆ ಷಡ್ಡಕರು ಅದೇ ಫೋನಿಗೆ ಕರೆ ಮಾಡಿದ್ದರು. ಸಾಗರದಲ್ಲಿ ನಾಲ್ಕು ದಿನದಿಂದ ಮಳೆ ಬಿಟ್ಟಿಲ್ಲವಂತೆ. "ನಿಮ್ಮ ಕಡೆ ಹೇಗೆ?" ಎಂದರು.

"ಇಲ್ಲೂ ಜೋರೇ ಬಿಡಿ" ಎಂದೆ, ತಾರಸಿಯಲ್ಲಿ ಹಪ್ಪಳ ತಿರುವಿ ಹಾಕುತ್ತಾ.