ಪಗಾರಕ್ಕಿಂತ ಮೊದಲು ಸುದ್ದಿ ಬರಲಿ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ, ಅಂದರೆ ಲೋಹ ಎರಕ ಹೊಯ್ಯುವ ಕಾರ್ಖಾನೆಗಳಲ್ಲಿ, ಕೆಲಸಗಾರರು ನಂಬುವುದು ಕಂಪನಿಯನ್ನಲ್ಲ, ಮಾಲಕರನ್ನು. ಮಗಳ ಮದುವೆಗೆ ಉಚಲ (ಮುಂಗಡ) ಕೊಟ್ಟವರು ಅವರೇ, ದಸರೆಯ ಖಂಡೇ ಪೂಜೆಗೆ ಫರ್ನೇಸಿನ ಮುಂದೆ ಕಾಯಿ ಒಡೆದು ಕೈಯಾರೆ ಪೇಢೆ ಹಂಚಿದವರೂ ಅವರೇ. ಇದನ್ನು ಹಳೇ ಕಾಲದ ಸಾವ್ಕಾರಕಿ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಜರ್ಮನಿಯಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆಯ ಮುಖ್ಯಸ್ಥನಿಗೆ ನನಗೆಷ್ಟು ಮಕ್ಕಳೆಂಬುದೂ ಗೊತ್ತಿಲ್ಲ.

ಆದರೆ ನಮ್ಮೂರ ಆ ನಂಬಿಕೆಗೆ ವಾರಸುದಾರರಿಲ್ಲ. ಮಾಲಕರು ಹಾಸಿಗೆ ಹಿಡಿದು ಮಗನೋ, ಪುಣೆಯಿಂದ ಕರೆತಂದ ಮ್ಯಾನೇಜರನೋ ಕಾರಭಾರಕ್ಕೆ ಕೂತರೆ ಹಳೇ ಋಣ ಅಲ್ಲಿಗೇ ಮುಗಿಯಿತು. ನಾನು ಹುಡುಗನಾಗಿದ್ದಾಗ ಸೇರಿದ್ದ ಫೌಂಡ್ರಿಯಲ್ಲಿ ಹಾಗೇ ಆಯಿತು. ಪಗಾರದ ಚೀಟಿಯಲ್ಲಿ ಪಿಎಫ್ ಕಡಿತವಾಗಿತ್ತು, ಖಾತೆಗೆ ಜಮಾ ಆಗಿರಲಿಲ್ಲ. ಮುಂದಿನ ತಿಂಗಳ 15ರೊಳಗೆ ಕಟ್ಟಬೇಕೆಂಬುದು ನಿಯಮ. ಕೇಳಿದರೆ, "ಆಗ್ತೈತಿ ಬಿಡ್ರೋ, ನಾವೇನ್ ಓಡಿ ಹೊಕ್ಕೇವೇನು?" ಆರ್ಡರು ಕಡಿಮೆಯಾದದ್ದು ಮರಳಿನಲ್ಲಿ ಅಚ್ಚು ಮಾಡುವ ಮೋಲ್ಡಿಂಗಿನವರಿಗೆ ಯಾರೂ ಹೇಳಬೇಕಿರಲಿಲ್ಲ, ಮರಳಿನ ರಾಶಿ ಕರಗುತ್ತಿರಲಿಲ್ಲ, ಪ್ಯಾಟರ್ನುಗಳ ಮೇಲೆ ಧೂಳು ಕೂತಿತ್ತು. ಆಫೀಸು ಬಾಯಿ ಬಿಡದಿದ್ದದ್ದನ್ನು ಗೇಟಿನೆದುರಿನ ಚಹಾದಂಗಡಿ ಹೇಳಿತು, ಒಂದಕ್ಕೆ ನಾಲ್ಕು ಸೇರಿಸಿ. ಕೈಯಲ್ಲಿ ಕಸಬಿದ್ದ ಮೋಲ್ಡರುಗಳು ಎಲ್ಲರಿಗಿಂತ ಮೊದಲು ಕೊಲ್ಹಾಪುರದ ದಾರಿ ಹಿಡಿದರು.

ಜರ್ಮನಿಯಲ್ಲಿ ಐದು ಜನ ಕಾಯಂ ನೌಕರರಿದ್ದರೂ ತಮ್ಮದೊಂದು ಮಂಡಳಿ ಆರಿಸಿಕೊಳ್ಳಬಹುದು. ಅದಿರುವ ಕಡೆ ಒಬ್ಬನನ್ನು ಕೆಲಸದಿಂದ ತೆಗೆಯುವ ಮೊದಲು ಮಂಡಳಿಯ ಅಭಿಪ್ರಾಯ ಕೇಳಲೇಬೇಕು. ಕೇಳದೆ ತೆಗೆದರೆ ಆ ನೋಟಿಸಿಗೆ ಬೆಲೆಯಿಲ್ಲ. ಕಂಪನಿಯ ಆರ್ಥಿಕ ಸ್ಥಿತಿ ಹೇಗಿದೆಯೆಂದು ವರ್ಷಕ್ಕೊಮ್ಮೆಯಾದರೂ ನೌಕರರ ಸಭೆಗೆ ಆಡಳಿತವೇ ಬಂದು ಹೇಳಬೇಕು. ಅಂಥದ್ದೊಂದು ಸಭೆಯಲ್ಲಿ ನಮ್ಮ ಮುಖ್ಯಸ್ಥ, ಆರ್ಡರಿಲ್ಲ, ಕೆಲಸದ ಗಂಟೆ ಕಡಿಮೆ ಮಾಡುತ್ತೇವೆ ಎಂದ. ಗೊಣಗಿದವರು ಬಹಳ, ಬಿಟ್ಟುಹೋದವರು ನನಗೆ ಕಾಣಲಿಲ್ಲ. ಹಾಗೆಂದು ಅವನೇನು ಹರಿಶ್ಚಂದ್ರನಲ್ಲ. ಗಂಟೆ ಕಡಿತದಿಂದ ಕೈತಪ್ಪುವ ನಿವ್ವಳ ಪಗಾರದಲ್ಲಿ ಶೇ. 60ರಷ್ಟನ್ನು, ಮಕ್ಕಳಿದ್ದವರಿಗೆ ಶೇ. 67ರಷ್ಟನ್ನು, ಅಲ್ಲಿ ಸರಕಾರದ ಉದ್ಯೋಗ ಸಂಸ್ಥೆ ತುಂಬಿಕೊಡುತ್ತದೆ. ನಿಜ ಹೇಳಲು ಅಲ್ಲಿ ದೊಡ್ಡ ಎದೆಗಾರಿಕೆ ಬೇಕಿಲ್ಲ. ಬೆಳಗಾವಿಯ ಮಾಲಕರಿಗೆ ಬೇಕು, ಅದನ್ನು ಒಪ್ಪುತ್ತೇನೆ.

ನಮ್ಮಲ್ಲಿಯೂ 1947ರ ಕೈಗಾರಿಕಾ ವಿವಾದ ಕಾಯ್ದೆ ನೂರು ಕೆಲಸಗಾರರಿರುವ ಕಡೆ ಮಾಲಕರೂ ಕಾರ್ಮಿಕರೂ ಕೂಡಿ ಕೂರುವ ಸಮಿತಿಗೆ ಅವಕಾಶ ಕೊಟ್ಟಿತ್ತು. ಉದ್ಯಮಬಾಗದ ಎಷ್ಟೋ ಶೆಡ್ಡುಗಳಲ್ಲಿ ನೂರು ಜನರೇ ಇಲ್ಲ. ಅಲ್ಲಿ ಸಮಿತಿ-ಗಿಮಿತಿ ಬೇಕಾಗಿಯೂ ಇಲ್ಲ. ಪಿಎಫ್ ಕಟ್ಟಿದ ಚಲನ್ ತಿಂಗಳಿಗೊಮ್ಮೆ ಹಾಜರಿ ಮಶೀನಿನ ಪಕ್ಕ ಅಂಟಿಸಲಿ. ಹೇಗೂ ಈಗ ಹುಡುಗರು ಮೊಬೈಲಿನಲ್ಲೇ ಪಾಸ್‌ಬುಕ್ ನೋಡುತ್ತಾರೆ, ಮುಚ್ಚಿಟ್ಟು ಆಗುವುದೇನು? ಆರ್ಡರ್ ಇಳಿದ ತಿಂಗಳು ಪಾಳಿ ಬದಲಾಗುವ ಹೊತ್ತಿಗೆ ಮಾಲಕರೇ ಹತ್ತು ನಿಮಿಷ ನಿಂತು ಮಾತಾಡಲಿ.

ಊರಿಗೆ ಹೋದಾಗ ಪರಿಚಯದ ಮಾಲಕರೊಬ್ಬರಿಗೆ ಇದನ್ನೇ ಹೇಳಿದೆ. "ಹೇಳಿದ್ರ ಹುಡುಗ್ರು ಬಿಟ್ಟು ಹೋಗ್ತಾರ್ರೀ" ಅಂದರು. ಹೇಳದೇ ಇದ್ದಾಗ ಎಷ್ಟು ಜನ ಉಳಿದರು ಎಂದು ಕೇಳಿದೆ. ಅವರು ಚಹಾ ತರಿಸಿ, ಮಾತನ್ನು ಕಬ್ಬಿನ ಬಿಲ್ಲಿಗೆ ತಿರುಗಿಸಿದರು.